ಲಸಿಕೆ ಬೇಡ ಅಂದವರು ಆಮೇಲೆ ಹೋಗಿದ್ದು ಯಾಕೆ? ಹಾಕಿಸಿಕೊಂಡವರು ಈಗ ಮುನಿಸಿಕೊಂಡಿರೋದು ಯಾಕೆ?

ಕಿಟಕಿ ಪಕ್ಕದ ಸೀಟು

ಮೊದಲೇ ಹೇಳಿಬಿಡುತ್ತೇನೆ. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕೆ ಇದನ್ನು ಶುರು ಮಾಡುತ್ತಿಲ್ಲ. ಆ ಜಗಳ ಎಲ್ಲರ ಮನೆಯಲ್ಲೂ ಬೇಕಾದಷ್ಟು ಆಗಿದೆ. ಕೋವಿಡ್ ಕಾಲದಲ್ಲಿ ಲಸಿಕೆ ವಿಷಯಕ್ಕೆ ನಿಮ್ಮ ಮನಸ್ಸು ಬದಲಾಗಿದ್ದರೆ, ಯಾವಾಗ ಬದಲಾಯಿತು, ಯಾರ ಮಾತಿಗೆ ಬದಲಾಯಿತು, ಅಷ್ಟು ಹೇಳಿ. ಬೇಡ ಅಂದವರು ಬೇಕು ಅಂದಿದ್ದರೂ ಸರಿ, ಬೇಕು ಅಂದವರು ಬೇಡ ಅಂದಿದ್ದರೂ ಸರಿ.

ನನ್ನ ಮನೆಯದ್ದು ಇದು. ಅಪ್ಪನಿಗೆ ಆಗ 71 ವರ್ಷ. ಸಕ್ಕರೆ ಕಾಯಿಲೆ ಬೇರೆ. ಸರದಿ ಬಂದ ಮೇಲೂ ನಾಲ್ಕು ತಿಂಗಳು ಹೋಗಲೇ ಇಲ್ಲ. ನಾನು ದಿನಕ್ಕೊಂದು ಲಿಂಕ್ ಕಳಿಸುತ್ತಿದ್ದೆ. ಲಸಿಕೆಯಿಂದ ರಕ್ತ ಹೆಪ್ಪುಗಟ್ಟುವುದು ಎಷ್ಟು ಅಪರೂಪ, ಎಷ್ಟು ಪರ್ಸೆಂಟ್ ರಕ್ಷಣೆ, ಎಲ್ಲ. ಅಪ್ಪ ಪ್ರತಿಯೊಂದಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸೋರು. ಒಂದನ್ನೂ ತೆರೆದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. 'ನಿಮ್ಮಂಥವರಿಂದಲೇ ಇದು ಮುಗೀತಾ ಇಲ್ಲ' ಅಂದುಬಿಟ್ಟೆ. ಅಪ್ಪ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಎಂಟು ದಿನ ಮಾತಿಲ್ಲ.

ಕೊನೆಗೆ ಹಾಕಿಸಿಕೊಂಡರು. ನನ್ನ ಲಿಂಕಿನಿಂದ ಅಲ್ಲ. ಯಾಕೆ ಅಂತ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮದು ಬರಲಿ.

ಬಿಳಿ ಚಪ್ಪಲಿ

ನಾನು ಲಸಿಕೆ ಕೇಂದ್ರದಲ್ಲಿ ಎಂಟು ತಿಂಗಳು ಸೂಜಿ ಚುಚ್ಚಿದವಳು. ಜನ ಏನೇನು ಕೇಳುತ್ತಿದ್ದರು ಅಂತ ಟೀವಿಯಲ್ಲಿ ತೋರಿಸುತ್ತಿದ್ದದ್ದೇ ಬೇರೆ, ನನ್ನ ಮೇಜಿನ ಮುಂದೆ ಕೇಳುತ್ತಿದ್ದದ್ದೇ ಬೇರೆ. ಲಸಿಕೆಯೊಳಗೆ ಚಿಪ್ ಇದೆಯಾ ಅಂತ ಎಂಟು ತಿಂಗಳಲ್ಲಿ ಇಬ್ಬರು ಕೇಳಿದರು. ಇಬ್ಬರೂ ನಗುತ್ತಲೇ ಕೇಳಿದ್ದು. ಉಳಿದವರು ಕೇಳಿದ್ದು: ಜ್ವರ ಎಷ್ಟು ದಿನ ಇರುತ್ತೆ, ಬಿಪಿ ಮಾತ್ರೆ ತಗೊಂಡಿದ್ದೀನಿ ಪರವಾಗಿಲ್ವಾ, ಎದೆಹಾಲು ಕೊಡಬಹುದಾ, ಎಡಗೈಗೆ ಹಾಕಿ ಬಲಗೈಲಿ ಕೆಲಸ ಇದೆ.

ನಾವು ಬಳಸುತ್ತಿದ್ದ ಒಂದು ಸೀಸೆಯಲ್ಲಿ ಹತ್ತು ಡೋಸ್. ಒಡೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಸಂಜೆ ಹೊತ್ತಿಗೆ ಒಂದು ಡೋಸ್ ಉಳಿದರೆ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಹಾಗೆ ಉಳಿಯಿತು. 'ಇನ್ನೊಬ್ಬರು ಯಾರಾದರೂ ಇದ್ದೀರಾ' ಅಂತ ಕೂಗುತ್ತಾ ಗೇಟಿನ ತನಕ ಹೋದೆ. ಯಾರೂ ಇರಲಿಲ್ಲ. ಗೇಟಿನಲ್ಲಿ ನಮ್ಮ ಕಾವಲುಗಾರ ಮಾತ್ರ. ಮೂರು ತಿಂಗಳಿಂದ ಸಾಲು ನಿಲ್ಲಿಸಿ, ಚೀಟಿ ನೋಡಿ, ಎಲ್ಲರನ್ನೂ ಒಳಗೆ ಕಳಿಸುತ್ತಿದ್ದ ಮನುಷ್ಯ. 'ನಿಮಗೆ ಆಗಿದ್ಯಲ್ವಾ?' ಅಂದೆ. ಇಲ್ಲ ಅಂದರು. ಯಾಕೆ ಅಂದರೆ, 'ಯಾರೂ ನನ್ನನ್ನ ಕೇಳಲಿಲ್ಲ ಮೇಡಂ' ಅಂದರು.

ಆ ಡೋಸ್ ಅವರಿಗೇ ಹೋಯಿತು. ಲಸಿಕೆಗೆ ಹಿಂಜರಿಯುವವರು ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಮೊದಲು ನೆನಪಾಗೋದು ಅವರು. ಹಿಂಜರಿಕೆಯೇ ಇರಲಿಲ್ಲ ಪಾಪ.

ಪ್ರಶ್ನೆ ಇದೆ

ನಾನು ಉಲ್ಟಾ ದಾರಿಯವನು. ಎರಡು ಡೋಸ್ ಓಡಿಹೋಗಿ ಹಾಕಿಸಿಕೊಂಡೆ. ಮೂರನೆಯದಕ್ಕೆ ಹೋಗಲಿಲ್ಲ. ಬೈಯುವುದಾದರೆ ಬೈಯಿರಿ, ಆದರೆ ಪೂರ್ತಿ ಓದಿ.

2021ರ ಮೇ 13ಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಏನು ಹೇಳಿತು? ಎರಡೂ ಡೋಸ್ ಆದವರಿಗೆ ಹೆಚ್ಚು ಕಡೆ ಮಾಸ್ಕ್ ಬೇಡ. ಅದೇ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್‌ನಲ್ಲಿ ವೈರಸ್ಸಿನ ಡೆಲ್ಟಾ ಅನ್ನುವ ಹೊಸ ತಳಿ ಹಬ್ಬಿತು. 469 ಮಂದಿಗೆ ಸೋಂಕು. ಅದರಲ್ಲಿ ಮುಕ್ಕಾಲು ಪಾಲು ಪೂರ್ತಿ ಲಸಿಕೆ ಆದವರು. ಜುಲೈ 27ಕ್ಕೆ ಮತ್ತೆ ಮಾಸ್ಕ್ ಹಾಕಿ ಅಂದರು. ವೈರಸ್ ಬದಲಾಯಿತು, ನಿಯಮ ಬದಲಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೇ ತಿಂಗಳಲ್ಲಿ ದೊಡ್ಡ ದೊಡ್ಡವರು ಟೀವಿಯಲ್ಲಿ ಕೂತು 'ಹಾಕಿಸಿಕೊಂಡರೆ ನಿಮಗೆ ಬರಲ್ಲ, ನಿಮ್ಮಿಂದ ಯಾರಿಗೂ ಹರಡಲ್ಲ' ಅನ್ನುವ ಧಾಟಿಯಲ್ಲಿ ಮಾತಾಡಿದ್ದರಲ್ಲ, ಅದನ್ನು ಯಾರೂ ವಾಪಸ್ ತಗೊಳ್ಳಲೇ ಇಲ್ಲ. ಏನೂ ಆಗಿಲ್ಲ ಅನ್ನುವ ಹಾಗೆ ಮುಂದಿನ ವಾಕ್ಯಕ್ಕೆ ಹೋದರು. ನಾನು ಆಫೀಸಿನಲ್ಲಿ ಅದೇ ಮಾತು ಹೇಳಿ ನಾಲ್ಕು ಜನರನ್ನು ಒಪ್ಪಿಸಿದ್ದೆ. ಅವರ ಮುಂದೆ ನಾನು ಸುಳ್ಳುಗಾರ ಆದೆ.

ಲೆಕ್ಕದ ಪುಸ್ತಕ

ಪ್ರಶ್ನೆ ಇದೆ ಅವರೇ, ನಿಮ್ಮ ಅಂಕಿ ಸರಿ ಇದೆ. ಆದರೆ ಪ್ರಾವಿನ್ಸ್‌ಟೌನ್ ಬಗ್ಗೆ ಸಿಡಿಸಿ ಕೊಟ್ಟ ಅದೇ ವರದಿಯಲ್ಲಿ ಇನ್ನೊಂದು ಸಾಲು ಇದೆ. ಆ 469ರಲ್ಲಿ ಆಸ್ಪತ್ರೆ ಸೇರಿದವರು 5. ಸತ್ತವರು ಯಾರೂ ಇಲ್ಲ.

ಗೊಂದಲ ಎಲ್ಲಿಂದ ಶುರು ಅಂತ ನನ್ನ ಲೆಕ್ಕ ಹೇಳುತ್ತೇನೆ. 'ಶೇ. 95' ಅನ್ನುವ ಸಂಖ್ಯೆಯಿಂದ. ಫೈಝರ್ ಪರೀಕ್ಷೆಯಲ್ಲಿ ಸುಮಾರು 43,000 ಜನ ಇದ್ದರು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಒಟ್ಟು 170 ಮಂದಿಗೆ ರೋಗ ಬಂತು. ಉಪ್ಪುನೀರಿನವರಲ್ಲಿ 162, ಲಸಿಕೆಯವರಲ್ಲಿ 8. ಆ 162ಕ್ಕೂ ಈ 8ಕ್ಕೂ ಇರುವ ಅಂತರವೇ ಶೇ. 95. ಲಸಿಕೆ ಹಾಕಿದ ನೂರರಲ್ಲಿ ಐದು ಜನಕ್ಕೆ ರೋಗ ಬರುತ್ತೆ ಅಂತಲ್ಲ. ಇನ್ನು ಮುಂದೆ ಬರೋದೇ ಇಲ್ಲ ಅಂತಲೂ ಅಲ್ಲ. ಅವರು ಅಳೆದಿದ್ದು ಕೆಮ್ಮು, ಜ್ವರ ಅಂತ ಲಕ್ಷಣ ಕಂಡು ಪರೀಕ್ಷೆಯಲ್ಲಿ ಖಚಿತವಾದ ರೋಗವನ್ನು. ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತಾ ಅನ್ನುವುದನ್ನು ಆ ಪರೀಕ್ಷೆ ಅಳೆಯಲೇ ಇಲ್ಲ.

ಶುರುವಿನಲ್ಲಿ ಹರಡುವುದೂ ಕಡಿಮೆ ಆಗಿತ್ತು, ನಿಜ. ಡೆಲ್ಟಾ ಬಂದ ಮೇಲೆ ಆ ಗುಣ ಇಳಿಯಿತು, ಓಮಿಕ್ರಾನ್‌ಗೆ ಇನ್ನೂ ಇಳಿಯಿತು. ಜೀವ ಉಳಿಸುವ ಗುಣ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ.

ಪ್ರಶ್ನೆ ಇದೆ

ನೋಡಿ, ಇದನ್ನೇ ನಾನು ಕೇಳಿದ್ದು. 'ಹರಡುವುದನ್ನು ಇನ್ನೂ ಅಳೆದಿಲ್ಲ, ಸಾಯುವುದನ್ನು ಚೆನ್ನಾಗಿ ತಡೆಯುತ್ತೆ' ಅಂತ ಆಗಲೇ ಹೇಳಿದ್ದರೆ ಮೂರನೆಯದಕ್ಕೂ ಹೋಗುತ್ತಿದ್ದೆನೋ ಏನೋ. ನಮಗೆ ಅರ್ಥವಾಗಲ್ಲ ಅಂದುಕೊಂಡರು.

ಹಳೇ ಮೇಷ್ಟ್ರು

ನಿವೃತ್ತ ಇತಿಹಾಸ ಮೇಷ್ಟ್ರು, ಹಾಗಾಗಿ ಸ್ವಲ್ಪ ಉದ್ದ ಆಗಬಹುದು. ಬೇಸರವಾದರೆ ಕೆಳಗಿನದಕ್ಕೆ ಹಾರಿಕೊಳ್ಳಿ.

ಈ ಅನುಮಾನ ಲಸಿಕೆಯಷ್ಟೇ ಹಳೆಯದು. 1796ರಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನಿಂದ ಮನುಷ್ಯರ ಸಿಡುಬು ತಡೆಯಬಹುದು ಅಂತ ತೋರಿಸಿದ. ಆರೇ ವರ್ಷಕ್ಕೆ, 1802ರಲ್ಲಿ, ಜೇಮ್ಸ್ ಗಿಲ್‌ರೇ ಒಂದು ವ್ಯಂಗ್ಯಚಿತ್ರ ಬರೆದ. ಲಸಿಕೆ ಹಾಕಿಸಿಕೊಂಡವರ ಮೂಗು, ಕೈ, ಬೆನ್ನಿನಿಂದೆಲ್ಲ ಪುಟ್ಟ ಪುಟ್ಟ ಹಸುಗಳು ಹೊರಗೆ ಬರುತ್ತಿವೆ. ಇವತ್ತು ಫೋನಿನಲ್ಲಿ ಓಡಾಡುವ ಚಿತ್ರಗಳಿಗೆ ಅದು ಮುತ್ತಜ್ಜ.

ಆದರೆ ನನಗೆ ಜಾಸ್ತಿ ಕಾಡುವುದು ಬ್ರೆಜಿಲ್‌ನ ರಿಯೊ ಕಥೆ. 1904. ಓಸ್ವಾಲ್ಡೊ ಕ್ರೂಜ್ ಅನ್ನುವ ವೈದ್ಯ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥ. ಬುದ್ಧಿವಂತ, ಹಟಮಾರಿ. ಸಿಡುಬಿನ ಲಸಿಕೆ ಕಡ್ಡಾಯ ಅಂತ ಕಾನೂನು ತರಿಸಿದ. ಅದೇ ಹೊತ್ತಿಗೆ ನಗರ ಚೆಂದ ಮಾಡುತ್ತೇವೆ ಅಂತ ಬಡವರ ಮನೆಗಳನ್ನು ಕೆಡವುತ್ತಿದ್ದರು. ಜನರ ಕಣ್ಣಿಗೆ ಎರಡೂ ಒಂದೇ ಸರ್ಕಾರ ತಾನೆ? ಮನೆ ಕೆಡವಲು ಬಂದವರೇ ಈಗ ಮನೆಯೊಳಗೆ ನುಗ್ಗಿ ಹೆಣ್ಣುಮಕ್ಕಳ ತೋಳು ಹಿಡಿಯುತ್ತಾರೆ ಅಂತ ಸುದ್ದಿ ಹಬ್ಬಿತು. ನವೆಂಬರ್‌ನಲ್ಲಿ ದಂಗೆ. ಟ್ರಾಮ್‌ಗಳನ್ನು ಉರುಳಿಸಿ ಬೀದಿಗೆ ಅಡ್ಡ ಹಾಕಿದರು. ಸುಮಾರು 30 ಜನ ಸತ್ತರು. ಕಡ್ಡಾಯ ಅನ್ನುವುದನ್ನು ಕೈಬಿಟ್ಟರು.

ನಾಲ್ಕು ವರ್ಷ ಕಳೆದು 1908ರಲ್ಲಿ ಸಿಡುಬು ಮತ್ತೆ ಬಂತು. ರಿಯೊದಲ್ಲಿ 6,000ಕ್ಕೂ ಹೆಚ್ಚು ಸಾವು. ಆಗ ಜನ ತಾವೇ ಬಂದು ಲಸಿಕೆ ಹಾಕಿಸಿಕೊಂಡರು. ಲಸಿಕೆ ಅದೇ, ವೈದ್ಯನೂ ಅವನೇ. ದಂಗೆ ಎದ್ದವರು ಸೂಜಿಯ ಮೇಲೆ ಎದ್ದಿದ್ದರಾ, ಸೂಜಿ ಹಿಡಿದ ಕೈಯ ಮೇಲೆ ಎದ್ದಿದ್ದರಾ ಅಂತ ತರಗತಿಯಲ್ಲಿ ಕೇಳುತ್ತಿದ್ದೆ. ಹುಡುಗರು ಎರಡಕ್ಕೂ ಹೌದು ಅನ್ನೋರು.

ಸೂಜಿ ಕಂಡ್ರೆ ಓಟ

ಇಷ್ಟು ದೊಡ್ಡ ಮಾತಿನ ಮಧ್ಯೆ ನನ್ನದು ಹೇಳಲು ನಾಚಿಕೆ. ನನಗೆ ಸರ್ಕಾರದ ಮೇಲೂ ಅನುಮಾನ ಇಲ್ಲ, ಕಂಪನಿ ಮೇಲೂ ಇಲ್ಲ. ಸೂಜಿ ಕಂಡರೆ ತಲೆ ಸುತ್ತಿ ಬೀಳುತ್ತೇನೆ. 38 ವರ್ಷದ ಗಂಡಸು. ಇದನ್ನು ಹೇಳಿಕೊಳ್ಳೋದು ಹೇಗೆ? ಅದಕ್ಕೇ ಆಫೀಸಿನಲ್ಲಿ 'ಇನ್ನೂ ಸಂಶೋಧನೆ ಆಗಬೇಕು ಕಣ್ರೀ' ಅಂತ ಗಂಭೀರವಾಗಿ ತಲೆ ಆಡಿಸುತ್ತಿದ್ದೆ. ಎಂಟು ತಿಂಗಳು ನನ್ನನ್ನು ಎಲ್ಲರೂ ಲಸಿಕೆ ವಿರೋಧಿ ಅಂದುಕೊಂಡರು. ಒಬ್ಬಿಬ್ಬರು ನನ್ನ ಮಾತು ಕೇಳಿ ತಾವೂ ತಡ ಮಾಡಿದರು. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತೆ.

ಕೊನೆಗೆ ಮಲಗಿಸಿ ಹಾಕಿದರು. ಮಲಗಿಕೊಂಡು ಹಾಕಿಸಿಕೊಳ್ಳಬಹುದು ಅಂತ ಮೊದಲೇ ಗೊತ್ತಿದ್ದರೆ ಮೊದಲ ವಾರವೇ ಹೋಗುತ್ತಿದ್ದೆ.

ಹಳೇ ಮೇಷ್ಟ್ರು

ನಾಚಿಕೆ ಬೇಡಪ್ಪ. ನಿನ್ನ ಜೊತೆಗೆ ಚರಿತ್ರೆಯೇ ಇದೆ. ಪ್ರಪಂಚದಲ್ಲಿ ಸಹಜವಾಗಿ ಹರಡಿದ ಸಿಡುಬು ಕೊನೆಯದಾಗಿ ತಗುಲಿದ್ದು 1977ರಲ್ಲಿ, ಸೊಮಾಲಿಯಾದ ಅಲಿ ಮಾವ್ ಮಾಲಿನ್‌ಗೆ. ಅವನ ಕೆಲಸ ಎಲ್ಲಿ ಗೊತ್ತಾ? ಆಸ್ಪತ್ರೆಯಲ್ಲಿ. ಅಡುಗೆಯವನು. ಅಲ್ಲಿದ್ದೂ ಲಸಿಕೆ ತಪ್ಪಿಸಿಕೊಂಡಿದ್ದ. ಚುಚ್ಚಿದರೆ ನೋಯುತ್ತೆ ಅನ್ನುವ ಭಯ ಅಂತ ಆಮೇಲೆ ಅವನೇ ಹೇಳಿಕೊಂಡ. ರೋಗಿಗಳಿದ್ದ ಗಾಡಿಯಲ್ಲಿ ದಾರಿ ತೋರಿಸಲು ಸ್ವಲ್ಪ ಹೊತ್ತು ಕೂತಿದ್ದಕ್ಕೆ ಅಂಟಿಕೊಂಡಿತು. ಬದುಕಿಕೊಂಡ. ವರ್ಷಗಳ ಮೇಲೆ ಪೋಲಿಯೊ ಲಸಿಕೆ ಕೆಲಸಕ್ಕೆ ಸೇರಿದ. ಬೇಡ ಅನ್ನುವ ತಾಯಂದಿರಿಗೆ ತನ್ನ ಕಥೆಯನ್ನೇ ಹೇಳುತ್ತಿದ್ದ. ಆ ಕೆಲಸದಲ್ಲಿದ್ದಾಗಲೇ 2013ರಲ್ಲಿ ಮಲೇರಿಯಾ ಬಂದು ತೀರಿಕೊಂಡ.

ರಾತ್ರಿ ಪಾಳಿ

ನನ್ನದು ಗೋದಾಮಿನಲ್ಲಿ ಸಾಮಾನು ಹೊರುವ ಕೆಲಸ. ದಿನಗೂಲಿ. ಬರದಿದ್ದರೆ ಆ ದಿನದ ದುಡ್ಡಿಲ್ಲ. ಲಸಿಕೆ ಹಾಕಿಸಿಕೊಂಡವನು ಮಾರನೇ ದಿನ ಜ್ವರ ಬಂದು ಮಲಗಿದ, ಎರಡು ದಿನದ ಕೂಲಿ ಹೋಯಿತು. ಅದನ್ನು ನೋಡಿ ಉಳಿದ ಹದಿನೈದು ಜನ ನಿಂತುಬಿಟ್ಟೆವು. ನಮ್ಮನ್ನು ನೋಡಿ ಮೇಲಿನವರು ಅಂದಿದ್ದು ಇವರಿಗೆ ತಿಳಿವಳಿಕೆ ಇಲ್ಲ ಅಂತ. ಗೋಡೆಗೆಲ್ಲ ತಿಳಿವಳಿಕೆಯ ಪೋಸ್ಟರ್ ಅಂಟಿಸಿದರು.

ಆಮೇಲೆ ಯಾರಿಗೋ ಬುದ್ಧಿ ಬಂತು. ವಾರದ ರಜೆಯ ಹಿಂದಿನ ದಿನ ಗೋದಾಮಿಗೇ ಬಂದು ಹಾಕಿದರು, ಮಾರನೇ ದಿನ ಜ್ವರ ಬಂದರೂ ಕೂಲಿ ಕಟ್ ಇಲ್ಲ ಅಂದರು. ಒಂದೇ ಸಂಜೆ ಹದಿನೈದರಲ್ಲಿ ಹದಿನಾಲ್ಕು ಜನ ಹಾಕಿಸಿಕೊಂಡೆವು. ಪೋಸ್ಟರ್ ಇನ್ನೂ ಗೋಡೆ ಮೇಲಿದೆ.

ನೇರ ಮಾತು

ಎಲ್ಲರ ಕಥೆಯೂ ಚೆನ್ನಾಗಿದೆ. ಆದರೆ ಇಷ್ಟೊಂದು ಮುದ್ದು ಮಾಡೋದು ಯಾಕೆ? ಬೇಕಂತಲೇ ಹಾಕಿಸಿಕೊಳ್ಳದವರಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಬಾರದಿತ್ತು. ಆಗ ಎಲ್ಲರಿಗೂ ತಾನಾಗೇ ಅರ್ಥ ಆಗ್ತಿತ್ತು.

ಬರೀ ಓದುಗ

ಮೂರು ವರ್ಷದಿಂದ ಇಲ್ಲಿ ಓದುತ್ತೇನೆ, ಬರೆದಿದ್ದು ಇದೇ ಮೊದಲು.

ನನ್ನ ಅಣ್ಣ ಹಾಕಿಸಿಕೊಳ್ಳಲಿಲ್ಲ. ಬೇಕಂತಲೇ. ವಿಡಿಯೊ ನೋಡಿ ನೋಡಿ ಅವನಿಗೆ ಬೇರೆ ಲೋಕವೇ ಆಗಿಹೋಗಿತ್ತು. ನೇರ ಮಾತು ಅವರೇ, ನಾನೂ ನಿಮ್ಮ ಹಾಗೇ ಮಾತಾಡುತ್ತಿದ್ದೆ. ಕುಟುಂಬದ ಗುಂಪಿನಲ್ಲಿ ಅವನು ಏನು ಹಾಕಿದರೂ ನಾನು ನಗುವ ಚಿತ್ರ ಹಾಕುತ್ತಿದ್ದೆ. ಅವನು ಗುಂಪು ಬಿಟ್ಟ. ಆಮೇಲೆ ಅವನ ಮಾತು ಕೇಳುವವರು ಆ ವಿಡಿಯೊದವರು ಮಾತ್ರ ಉಳಿದರು.

ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಆರನೇ ದಿನ ನರ್ಸ್ ಫೋನ್ ಹಿಡಿದು ವಿಡಿಯೊ ಕಾಲ್ ಮಾಡಿಸಿದರು. ಮಾಸ್ಕಿನ ಒಳಗಿಂದ 'ಈಗ ಹಾಕಿಸಿಕೊಂಡರೆ ಆಗುತ್ತಾ ಕೇಳು' ಅಂದ. ಈಗ ಆಗಲ್ಲ ಕಣೋ, ಹುಷಾರಾದ ಮೇಲೆ ಅಂದೆ. ಆ ಹಾಸಿಗೆ ಅವನಿಗೆ ಸಿಕ್ಕಿದ್ದಕ್ಕೆ ಆ ಒಂದು ಕಾಲ್ ಆದರೂ ನನಗೆ ಸಿಕ್ಕಿತು. ಅವನ ಗಂಡುಮಕ್ಕಳಿಬ್ಬರೂ ಮಾರನೇ ವಾರ ಹೋಗಿ ಹಾಕಿಸಿಕೊಂಡರು. ನಾನು ಹೇಳಲಿಲ್ಲ.

ನೇರ ಮಾತು

ಕ್ಷಮಿಸಿ. ಅಳಿಸಲ್ಲ, ನಾನು ಬರೆದಿದ್ದು ಇರಲಿ.

ನನ್ನದೂ ಒಂದು ಕಾರಣ ಇದೆ, ಸಮರ್ಥನೆ ಅಲ್ಲ. ಆಗ ನನ್ನ ಹೆಂಡತಿಗೆ ಕ್ಯಾನ್ಸರ್. ಹಾಸಿಗೆ ಖಾಲಿ ಇಲ್ಲ ಅಂತ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಕೀಮೋ ನಡೆಯುವಾಗ ಲಸಿಕೆ ಹಾಕಿದರೂ ಅವಳ ಮೈಗೆ ಸರಿಯಾಗಿ ಹತ್ತಲ್ಲ ಅಂದಿದ್ದರು. ಸುತ್ತಲಿನವರು ಹಾಕಿಸಿಕೊಂಡರೆ ಅಷ್ಟು ಮಟ್ಟಿಗೆ ಅವಳಿಗೆ ಕಾವಲು. ಲಿಫ್ಟಿನಲ್ಲಿ ಮಾಸ್ಕ್ ಇಲ್ಲದೆ ನಿಂತು 'ನಮಗೇನೂ ಆಗಲ್ಲ ಬಿಡಿ' ಅನ್ನುವವರನ್ನು ಕಂಡರೆ ಕೈ ನಡುಗುತ್ತಿತ್ತು. ಅವಳು ಈಗ ಚೆನ್ನಾಗಿದ್ದಾಳೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ ಅಂತ ನಿಮ್ಮ ಬರಹ ಓದಿದಾಗ ಗೊತ್ತಾಯಿತು.

ಅರ್ಧ ಚಂದ್ರ

ಇಲ್ಲಿ ಹೊಡೆದಾಟ ಕಡಿಮೆ ಇರುವುದರಿಂದ ಧೈರ್ಯ ಮಾಡುತ್ತಿದ್ದೇನೆ. ನನ್ನ ಮಗನಿಗೆ ಆಗ 17. ಎಂಆರ್‌ಎನ್‌ಎ ಲಸಿಕೆಯ (ಫೈಝರ್ ಥರದ್ದು) ಎರಡನೇ ಡೋಸ್ ಆಗಿ ಮೂರನೇ ದಿನ ಎದೆ ನೋವು ಅಂದ. ಕರೆದುಕೊಂಡು ಹೋದ ಮೊದಲ ಕಡೆ ಡಾಕ್ಟರ್ ನಗಾಡಿ 'ಗ್ಯಾಸು, ಅಮ್ಮಂದಿರು ಇಂಟರ್ನೆಟ್ ಓದೋದು ಕಡಿಮೆ ಮಾಡಬೇಕು' ಅಂದರು. ಎರಡನೇ ಕಡೆ ರಕ್ತ ಪರೀಕ್ಷೆ, ಇಸಿಜಿ ಮಾಡಿದರು. ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿಗೆ ಊತ. ಮೂರು ರಾತ್ರಿ ಆಸ್ಪತ್ರೆ. ಆರು ತಿಂಗಳು ಆಟ ಆಡುವ ಹಾಗಿಲ್ಲ. ಈಗ ಪೂರ್ತಿ ಸರಿಯಾಗಿದ್ದಾನೆ, ಓಡುತ್ತಾನೆ.

ಹದಿಹರೆಯದ ಹುಡುಗರಲ್ಲಿ, ಅದೂ ಎರಡನೇ ಡೋಸಿನ ನಂತರದ ವಾರದಲ್ಲಿ ಇದು ಅಪರೂಪಕ್ಕೆ ಆಗುತ್ತೆ, ಹೆಚ್ಚಿನವರು ಹುಷಾರಾಗುತ್ತಾರೆ. ಇದು ಎಲ್ಲ ದೇಶದ ವೈದ್ಯರೂ ಒಪ್ಪಿಕೊಂಡಿರುವ ಮಾತು. ಕೋವಿಡ್‌ನಿಂದಲೂ ಇದೇ ಊತ ಬರಬಹುದು. ನನಗೆ ಅದೆಲ್ಲ ಗೊತ್ತು. ನಾನು ಲಸಿಕೆ ವಿರೋಧಿ ಅಲ್ಲ.

ಆದರೆ ನಾನು ಇದನ್ನು ಒಂದು ಕಡೆ ಬರೆದಾಗ ಏನಾಯಿತು ಗೊತ್ತಾ? ಒಂದು ಗುಂಪು 'ಸುಳ್ಳಿ, ದುಡ್ಡು ತಗೊಂಡು ಬರೀತಾಳೆ' ಅಂದಿತು. ಇನ್ನೊಂದು ಗುಂಪು ನನ್ನ ಮಗನ ಆಸ್ಪತ್ರೆ ಫೋಟೊ ಎತ್ತಿಕೊಂಡು 'ಲಸಿಕೆಗೆ ಬಲಿಯಾದ ಹುಡುಗ' ಅಂತ ಹಂಚಿತು. ಅವನು ಬದುಕಿದ್ದಾನೆ ಅಂತ ನಾನು ಹೋಗಿ ಹೋಗಿ ಬರೆದೆ. ಯಾರಿಗೂ ಬೇಕಾಗಿರಲಿಲ್ಲ. ಮಗನ ಸ್ನೇಹಿತನೊಬ್ಬ ಅದನ್ನು ನೋಡಿ ಗಾಬರಿಯಾಗಿ ಫೋನ್ ಮಾಡಿದ. ಮಗನೇ ಎತ್ತಿ 'ಹ್ಞೂಂ, ನಾನು ಸತ್ತಿದ್ದೀನಿ, ಏನು ಹೇಳು' ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನಗೆ ಸಿಟ್ಟು ಇರೋದು ಲಸಿಕೆ ಮೇಲಲ್ಲ, ಆ ಮೊದಲ ಡಾಕ್ಟರ ನಗುವಿನ ಮೇಲೆ.

ಬಿಳಿ ಚಪ್ಪಲಿ

ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನಿಸುತ್ತಿತ್ತು. ನಮ್ಮ ಕಡೆಯ ತಪ್ಪು ಒಪ್ಪಿಕೊಳ್ಳುತ್ತೇನೆ. 'ಏನೂ ಆಗಲ್ಲ' ಅನ್ನೋದು ನಮಗೆ ಬಾಯಿಪಾಠ ಆಗಿಬಿಟ್ಟಿತ್ತು. ದಿನಕ್ಕೆ ಇನ್ನೂರು ಜನಕ್ಕೆ ಹೇಳಬೇಕಲ್ಲ. ಆಮೇಲಾಮೇಲೆ ನಾನು ಬದಲಾಯಿಸಿಕೊಂಡೆ. 'ಇವತ್ತು ರಾತ್ರಿ ಮೈ ಬಿಸಿ ಆಗಬಹುದು, ಕೈ ಎರಡು ದಿನ ನೋಯುತ್ತೆ, ಎದೆ ನೋವು ಉಬ್ಬಸ ಬಂದರೆ ತಕ್ಷಣ ಬನ್ನಿ' ಅಂತ ಶುರು ಮಾಡಿದೆ. ಹೆದರಿ ಎದ್ದು ಹೋಗುತ್ತಾರೆ ಅಂತ ಜೊತೆಯವರು ಬೈದರು. ಯಾರೂ ಎದ್ದು ಹೋಗಲಿಲ್ಲ. ಜ್ವರ ಬಂದಾಗ 'ಆಯಮ್ಮ ಹೇಳಿದ್ದಳು' ಅಂದುಕೊಂಡು ಸುಮ್ಮನಿದ್ದರು. ಹೇಳದೆ ಇದ್ದಾಗ ಅದೇ ಜ್ವರಕ್ಕೆ ರಾತ್ರಿ ಹನ್ನೆರಡಕ್ಕೆ ಫೋನ್ ಬರುತ್ತಿತ್ತು.

ಲೆಕ್ಕದ ಪುಸ್ತಕ

ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಬ್ರಿಟನ್‌ನವರು ಮಾಡಿದ್ದು ನನಗೆ ಹಿಡಿಸಿತು. ಆಸ್ಟ್ರಾಜೆನೆಕಾ ಲಸಿಕೆಯಿಂದ ಆ ತೊಂದರೆ ಅಪರೂಪಕ್ಕೆ ಆಗುತ್ತೆ, ಚಿಕ್ಕ ವಯಸ್ಸಿನವರಲ್ಲಿ ಸ್ವಲ್ಪ ಜಾಸ್ತಿ ಅಂತ ಗೊತ್ತಾದಾಗ ಬೇರೆ ಬೇರೆ ವಯಸ್ಸಿಗೆ ಲಾಭ ಎಷ್ಟು, ಅಪಾಯ ಎಷ್ಟು ಅಂತ ಪಕ್ಕಪಕ್ಕ ಪಟ್ಟಿ ಹಾಕಿ ತೋರಿಸಿದರು. 2021ರ ಏಪ್ರಿಲ್‌ನಲ್ಲಿ 30ಕ್ಕಿಂತ ಚಿಕ್ಕವರಿಗೆ ಸಾಧ್ಯವಾದರೆ ಬೇರೆ ಲಸಿಕೆ ಅಂದರು. ಮೇ ತಿಂಗಳಲ್ಲಿ ಅದನ್ನು 40ಕ್ಕೆ ಏರಿಸಿದರು. 70 ವರ್ಷದವರಿಗೆ ಅದೇ ಲಸಿಕೆ ಮುಂದುವರಿಯಿತು, ಯಾಕೆಂದರೆ ಅವರಿಗೆ ಕೋವಿಡ್‌ನ ಅಪಾಯವೇ ಎಷ್ಟೋ ಪಟ್ಟು ದೊಡ್ಡದು. ಡೆನ್ಮಾರ್ಕ್ ಆ ಲಸಿಕೆಯನ್ನೇ ನಿಲ್ಲಿಸಿತು, ಅಲ್ಲಿ ಆಗ ರೋಗ ಹತೋಟಿಯಲ್ಲಿತ್ತು, ಬೇರೆ ಲಸಿಕೆಯೂ ಇತ್ತು. ಎರಡು ದೇಶ, ಎರಡು ತೀರ್ಮಾನ, ಎರಡೂ ಲೆಕ್ಕದಿಂದಲೇ ಬಂದದ್ದು. ಜನಕ್ಕೆ ಇಷ್ಟು ಹೇಳಿದರೆ ಅರ್ಥ ಆಗುತ್ತೆ.

ಇನ್ನೊಂದು, 'ಆಸ್ಪತ್ರೆಯಲ್ಲಿ ಇರೋರಲ್ಲಿ ಜಾಸ್ತಿ ಜನ ಲಸಿಕೆ ಆದವರೇ' ಅನ್ನುವ ಮಾತು. ಸುಮ್ನೆ ಒಂದು ಲೆಕ್ಕಕ್ಕೆ, ಸಾವಿರ ಜನರಲ್ಲಿ 900 ಮಂದಿಗೆ ಲಸಿಕೆ ಆಗಿದೆ ಅಂದುಕೊಳ್ಳಿ. ಅವರಲ್ಲಿ ನೂರಕ್ಕೆ ಒಬ್ಬರು ಆಸ್ಪತ್ರೆ ಸೇರಿದರೆ 9 ಜನ. ಲಸಿಕೆ ಇಲ್ಲದ 100ರಲ್ಲಿ ನೂರಕ್ಕೆ ಐದು ಅಂದರೆ 5 ಜನ. ವಾರ್ಡಿಗೆ ಹೋಗಿ ತಲೆ ಎಣಿಸಿದರೆ 14ರಲ್ಲಿ 9 ಮಂದಿ ಲಸಿಕೆಯವರು. ಆದರೂ ಲಸಿಕೆ ಇಲ್ಲದವರಿಗೇ ಐದು ಪಟ್ಟು ಅಪಾಯ. ನನ್ನ ತಮ್ಮನಿಗೆ ಇದನ್ನು ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ ಅವನೇ ಇನ್ನೊಬ್ಬರಿಗೆ ಹೇಳುತ್ತಿದ್ದ, ತನ್ನದೇ ಐಡಿಯಾ ಅನ್ನುವ ಹಾಗೆ.

ಸೂಜಿ ಕಂಡ್ರೆ ಓಟ

ಒಂದೇ ವರ್ಷದಲ್ಲಿ ಹೇಗೆ ಮಾಡಿದರು ಅನ್ನುವುದಕ್ಕೆ ಯಾರಾದರೂ ಎರಡು ಸಾಲಿನಲ್ಲಿ ಉತ್ತರ ಕೊಡಿ. ಆಫೀಸಿನಲ್ಲಿ ಇನ್ನೂ ಕೇಳುತ್ತಾರೆ.

ಲೆಕ್ಕದ ಪುಸ್ತಕ

ಹೊರಗಿನಿಂದ ಕೊಟ್ಟ ಎಂಆರ್‌ಎನ್‌ಎಯನ್ನು ದೇಹ ಶತ್ರು ಅಂದುಕೊಂಡು ಉರಿಯೂತ ಎಬ್ಬಿಸದ ಹಾಗೆ ಮಾಡುವ ದಾರಿಯನ್ನು ಕಾಟಲಿನ್ ಕರಿಕೊ, ಡ್ರೂ ವೈಸ್‌ಮನ್ ಅನ್ನುವ ವಿಜ್ಞಾನಿಗಳು 2005ರಲ್ಲೇ ಪ್ರಕಟಿಸಿದ್ದರು, 2023ರಲ್ಲಿ ಅದಕ್ಕೆ ನೊಬೆಲ್ ಬಂತು. ಉಳಿದದ್ದು ಏನೆಂದರೆ, ಒಂದಾದ ಮೇಲೆ ಒಂದು ಮಾಡುವ ಕೆಲಸಗಳನ್ನು ಒಟ್ಟೊಟ್ಟಿಗೆ ಮಾಡಿದರು, ಫಲಿತಾಂಶ ಬರುವ ಮುಂಚೆಯೇ ತಯಾರಿಕೆಗೆ ದುಡ್ಡು ಸುರಿದರು, ಸುತ್ತ ರೋಗ ಅಷ್ಟು ಹಬ್ಬಿದ್ದರಿಂದ ಪರೀಕ್ಷೆಗೂ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಎರಡು ಸಾಲು ಮೀರಿತು, ಕ್ಷಮೆ ಇರಲಿ.

ಹಳೇ ಮೇಷ್ಟ್ರು

ಒಂದು ಸಲ ನಂಬಿಕೆ ಮುರಿದರೆ ಅದು ಆ ಒಂದು ಲಸಿಕೆಯ ಹತ್ತಿರ ನಿಲ್ಲುವುದಿಲ್ಲ. ಫಿಲಿಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್ಯೂ ಲಸಿಕೆ ಹಾಕಿದರು. 2017ರ ನವೆಂಬರ್‌ನಲ್ಲಿ ತಯಾರಕರೇ ಹೇಳಿದರು, ಮೊದಲು ಡೆಂಗ್ಯೂ ಬಂದಿರದ ಮಕ್ಕಳಿಗೆ ಮುಂದೆ ಅದು ಬಂದರೆ ರೋಗ ಜೋರಾಗಬಹುದು ಅಂತ. ಹಾಕಿಸಿದ ತಾಯಂದಿರ ಗತಿ ಯೋಚಿಸಿ. ಅಲ್ಲಿಂದ ಆಚೆ ಬೇರೆ ಲಸಿಕೆಗಳಿಗೂ ಜನ ಹಿಂಜರಿದರು. 2019ರಲ್ಲಿ ಅಲ್ಲಿ ದಡಾರ ಜೋರಾಗಿ ಹಬ್ಬಿತು. ದಡಾರದ ಲಸಿಕೆ ಏನು ತಪ್ಪು ಮಾಡಿತ್ತು? ಏನೂ ಇಲ್ಲ.

ಪ್ರಶ್ನೆ ಇದೆ

ಮೇಷ್ಟ್ರೇ, ಇದೇ ನನಗೂ ಆಗಿದ್ದು. ಮೊನ್ನೆ ಮಗಳ ಶಾಲೆಯಿಂದ ಬೇರೆ ಯಾವುದೋ ಲಸಿಕೆಗೆ ಒಪ್ಪಿಗೆ ಚೀಟಿ ಬಂತು. ಹಳೇ ಲಸಿಕೆ, ನನಗೂ ಚಿಕ್ಕಂದಿನಲ್ಲಿ ಹಾಕಿದ್ದೇ. ಆದರೂ ಎರಡು ದಿನ ಸಹಿ ಹಾಕದೆ ಇಟ್ಟುಕೊಂಡಿದ್ದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಮೂರನೇ ದಿನ ಹಾಕಿದೆ.

ರಾತ್ರಿ ಪಾಳಿ

ಕಿಟಕಿ ಪಕ್ಕದವರೇ, ಅಪ್ಪನ ಕಥೆ ಎಲ್ಲಿ? ಶುರು ಮಾಡಿ ಮಾಯವಾದಿರಿ.

ಕಿಟಕಿ ಪಕ್ಕದ ಸೀಟು

ಬಂದೆ ಬಂದೆ. ಎಲ್ಲ ಓದಿಕೊಂಡು ಕೂತಿದ್ದೆ.

ನನ್ನ ಎರಡನೇ ಡೋಸಿಗೆ ಅಪ್ಪ ಜೊತೆಗೆ ಬಂದಿದ್ದರು. ಹಾಕಿಸಿಕೊಳ್ಳಲು ಅಲ್ಲ, ನಾನು ವಾಪಸ್ ಗಾಡಿ ಓಡಿಸಬಾರದು ಅಂತ. ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿನ ನರ್ಸ್, ಇಪ್ಪತ್ತೈದರ ಒಳಗಿನ ಹುಡುಗಿ, ಹೊರಗೆ ಬಂದವಳು 'ನಿಮ್ಮದು ಆಯ್ತಾ ಅಂಕಲ್?' ಅಂದಳು. 'ನಾನು ಸುಮ್ನೆ ಜೊತೆಗೆ ಬಂದೆ' ಅಂದರು. ನಾನಾಗಿದ್ದರೆ ಅಲ್ಲೇ ಭಾಷಣ ಶುರು. ಅವಳು ಪಕ್ಕದಲ್ಲಿ ಕೂತು, 'ಏನು ಭಯ ಅಂಕಲ್ ನಿಮಗೆ?' ಅಂತ ಕೇಳಿದಳು ಅಷ್ಟೆ.

ಅಪ್ಪ ಹೇಳಿದ್ದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ನಾನು ಹುಟ್ಟುವ ಮುಂಚೆ ಅಮ್ಮನಿಗೆ ಯಾವುದೋ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟಿದ್ದರಂತೆ. ಐದು ನಿಮಿಷದಲ್ಲಿ ಮೈಯೆಲ್ಲ ದದ್ದು, ತುಟಿ ಊದಿ ಉಸಿರು ಕಟ್ಟಿತು. ಕೊಟ್ಟವರು ಆಗಲೇ ಬೇರೆ ವಾರ್ಡಿಗೆ ಹೋಗಿದ್ದರು. ಅಪ್ಪ ಕಾರಿಡಾರಿನ ಉದ್ದಕ್ಕೂ ಕೂಗಿಕೊಂಡು ಓಡಿದರಂತೆ. ಅಮ್ಮ ಬದುಕಿಕೊಂಡರು. ಇಷ್ಟು ವರ್ಷದಲ್ಲಿ ಇಬ್ಬರೂ ನನಗೆ ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ರಕ್ತ ಹೆಪ್ಪುಗಟ್ಟುವ ಲಿಂಕ್ ಕಳಿಸುತ್ತಾ ಕೂತಿದ್ದೆ.

ಆ ಹುಡುಗಿ 'ಅಂಥದ್ದು ಆಗೋದೇ ಇಲ್ಲ' ಅನ್ನಲಿಲ್ಲ. ಹತ್ತು ಲಕ್ಷ ಡೋಸಿಗೆ ಕೆಲವರಿಗೆ ಆಗುತ್ತೆ ಅಂದಳು. ಒಳಗೆ ಕರೆದುಕೊಂಡು ಹೋಗಿ ತಟ್ಟೆಯಲ್ಲಿದ್ದ ಒಂದು ಪುಟ್ಟ ಗಾಜಿನ ಸೀಸೆ ಎತ್ತಿ ತೋರಿಸಿದಳು. 'ಇದು ಅಡ್ರಿನಲಿನ್. ಹಾಗೇನಾದರೂ ಆದರೆ ತಕ್ಷಣ ಕೊಡೋದು ಇದನ್ನ. ನೀವು ಅರ್ಧ ಗಂಟೆ ಆ ಕುರ್ಚಿಲಿ ಕೂತಿರಿ. ನಾನು ಇಲ್ಲಿಂದ ನಿಮಗೆ ಕಾಣ್ತಾ ಇರ್ತೀನಿ' ಅಂದಳು. ಅಪ್ಪ ಶರ್ಟಿನ ತೋಳು ಮಡಚಿದರು. ಅರ್ಧ ಗಂಟೆ ಕೂತರು. ನಡುವೆ ಅವಳು ಎರಡು ಸಲ ತಲೆ ಎತ್ತಿ ನೋಡಿದಳು. ಎರಡು ಸಲವೂ ಅಪ್ಪ ಹೆಬ್ಬೆರಳು ಎತ್ತಿ ತೋರಿಸಿದರು.

ಬಿಳಿ ಚಪ್ಪಲಿ

ಆ ಸೀಸೆ ನಮ್ಮ ಮೇಜಿನ ಮೇಲೂ ಇತ್ತು. ಬಟ್ಟೆ ಮುಚ್ಚಿ ಇಡಿ, ಜನ ನೋಡಿದರೆ ಹೆದರುತ್ತಾರೆ ಅಂದಿದ್ದರು. ಎಂಟು ತಿಂಗಳೂ ಮುಚ್ಚಿಯೇ ಇಟ್ಟಿದ್ದೆ. ಬೂಸ್ಟರ್ ಹಾಕಿಸಿದಿರಾ ಅಪ್ಪನಿಗೆ?

ಕಿಟಕಿ ಪಕ್ಕದ ಸೀಟು

ಕೇಳಿದೆ. 'ಆ ಹುಡುಗಿ ಇದ್ದರೆ ಬರ್ತೀನಿ' ಅಂದರು. ಹೋಗಿ ವಿಚಾರಿಸಿದರೆ ಅವಳ ಗುತ್ತಿಗೆ ಮುಗಿದು ಮೂರು ತಿಂಗಳಾಗಿತ್ತು. ಎಲ್ಲಿ ಹೋದಳು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಿಳಿ ಚಪ್ಪಲಿ

ನನ್ನದೂ ಹಾಗೇ ಮುಗಿದಿದ್ದು. ಈಗ ಒಂದು ಕನ್ನಡಕದ ಅಂಗಡಿಯಲ್ಲಿದ್ದೇನೆ.